ಎರಡು ಮಾತ್ರೆಗಳ ನಡುವೆ ನಾಲ್ಕು ಗಂಟೆ



ಮೊದಲು ಕಳೆದ ವಾರದ ಲೆಕ್ಕ ಮುಗಿಸೋಣ. ಒಬ್ಬ ಅಜ್ಜಿ ದಿನಕ್ಕೆ 50 ಮೈಕ್ರೋಗ್ರಾಂನ ಒಂದು ಥೈರಾಯ್ಡ್ ಮಾತ್ರೆ ನುಂಗುತ್ತಾರೆ. ಮಾತ್ರೆಯೊಳಗಿನ ಅಸಲು ಔಷಧಿ ಒಟ್ಟು 1 ಗ್ರಾಂ ಇದ್ದರೆ ಅದು ಅಜ್ಜಿಗೆ ಎಷ್ಟು ಕಾಲ ಬರುತ್ತದೆ ಎಂದು ಕೇಳಿದ್ದೆ. ಬಿಡಿಸುವ ದಾರಿ ಹೀಗೆ: 1 ಗ್ರಾಂ ಎಂದರೆ 1,000 ಮಿಲಿಗ್ರಾಂ. 1 ಮಿಲಿಗ್ರಾಂ ಎಂದರೆ 1,000 ಮೈಕ್ರೋಗ್ರಾಂ. ಹಾಗಾದರೆ 1 ಗ್ರಾಂನಲ್ಲಿ 10 ಲಕ್ಷ ಮೈಕ್ರೋಗ್ರಾಂ ಆಯಿತು. ಅದನ್ನು 50ರಿಂದ ಭಾಗಿಸಿದರೆ 20,000 ದಿನ. ವರ್ಷಕ್ಕೆ 365 ದಿನದ ಲೆಕ್ಕದಲ್ಲಿ 54 ವರ್ಷ 9 ತಿಂಗಳು! ಇಪ್ಪತ್ತರ ಹರೆಯದಲ್ಲಿ ಶುರು ಮಾಡಿದರೂ ಎಪ್ಪತ್ತನಾಲ್ಕು ದಾಟುವ ತನಕ ಸಾಕು.

ಬ್ಯಾಂಕಿನಲ್ಲಿ ಚಿನ್ನದ ಸಾಲ ಕೊಡುವಾಗ ಅಕ್ಕಸಾಲಿಗರು ತಕ್ಕಡಿ ಹಿಡಿದು ತೂಗುವುದನ್ನು ನಾನು ವರ್ಷಾನುಗಟ್ಟಲೆ ನೋಡಿದವನು. ಹಿಂದಿನವರ ಕೈಯಲ್ಲಿ ಪುಟ್ಟ ತೂಕವೆಂದರೆ ಗುಲಗಂಜಿ. ಒಂದು ಗುಲಗಂಜಿ ಸುಮಾರು 120 ಮಿಲಿಗ್ರಾಂ ತೂಗುತ್ತದೆ. ಅಷ್ಟು ತೂಕದ ಥೈರಾಯ್ಡ್ ಔಷಧಿಯಿಂದ 50 ಮೈಕ್ರೋಗ್ರಾಂನ 2,400 ಮಾತ್ರೆ ಮಾಡಬಹುದು. ಅಂದರೆ ಒಂದು ಗುಲಗಂಜಿಯಷ್ಟು ಔಷಧಿ ಅಜ್ಜಿಗೆ ಆರೂವರೆ ವರ್ಷ ಬರುತ್ತದೆ. ಹಾಗಾದರೆ ನಾವು ಕಣ್ಣಲ್ಲಿ ಕಾಣುವ ಮಾತ್ರೆ ಏನು? ಅದರಲ್ಲಿ ಹೆಚ್ಚಿನದು ಕೈಗೆ ಸಿಗುವಂತೆ ಸೇರಿಸಿದ ಬೇರೆ ಪುಡಿ. ಔಷಧಿ ಇರುವುದು ಕಣ್ಣಿಗೆ ಕಾಣದಷ್ಟು.

ಈ ಲೆಕ್ಕ ಕೊಟ್ಟದ್ದು ಸುಮ್ಮನೆ ಅಲ್ಲ. ಇಷ್ಟು ಅಳತೆಯ ಔಷಧಿಯಲ್ಲಿ ಕಾಲು ಭಾಗ ಸೋರಿಹೋದರೂ ಮೈಗೆ ಗೊತ್ತಾಗುತ್ತದೆ. ಸೋರುವುದಾದರೂ ಹೇಗೆ? ಬಹಳ ಮನೆಗಳಲ್ಲಿ ಅದು ಸೋರುವುದು ನಾವು ಒಳ್ಳೆಯದಕ್ಕೆಂದು ನುಂಗುವ ವಿಟಮಿನ್ ಮಾತ್ರೆಯ ಜೊತೆಯಲ್ಲಿ. ಈ ವಾರದ ಮಾತು ಅದೇ.

ಥೈರಾಯ್ಡ್ ಎಂಬುದು ನಮ್ಮ ಕುತ್ತಿಗೆಯ ಮುಂಭಾಗದಲ್ಲಿ, ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗೆ ಇರುವ ಒಂದು ಗ್ರಂಥಿ. ನಾವು ತಿನ್ನುವ ಅಯೋಡಿನ್ ಬಳಸಿ ಅದು ಥೈರಾಕ್ಸಿನ್ ಎಂಬ ಹಾರ್ಮೋನು ತಯಾರಿಸುತ್ತದೆ. ಒಲೆಯ ಉರಿ ಹೆಚ್ಚು ಕಡಿಮೆ ಮಾಡುವ ತಿರುಗಣಿಯಂತೆ ಅದರ ಕೆಲಸ. ಥೈರಾಕ್ಸಿನ್ ಕಡಿಮೆಯಾದರೆ ಮೈಯ ಉರಿ ತಗ್ಗುತ್ತದೆ. ಆಯಾಸ, ಚಳಿ, ಮಲಬದ್ಧತೆ, ಒಣಚರ್ಮ, ತೂಕ ಏರುವುದು, ಮುಖ ಊದುವುದು, ಮರೆವು ಎಲ್ಲವೂ ಬರುತ್ತವೆ. ವಯಸ್ಸಾದವರಲ್ಲಿ ಇವನ್ನು ಕಂಡಾಗ 'ವಯಸ್ಸಾಯಿತಲ್ಲ' ಎಂದು ಬಿಡುವುದೇ ಹೆಚ್ಚು. ರಕ್ತ ಪರೀಕ್ಷೆ ಮಾಡಿಸಿದಾಗ ಮಾತ್ರ ಗೊತ್ತಾಗುತ್ತದೆ.

ಆ ಪರೀಕ್ಷೆಯಲ್ಲಿ ಟಿ.ಎಸ್.ಎಚ್. ಎಂಬ ಅಂಕಿ ನೋಡುತ್ತಾರೆ. ಅದು ಥೈರಾಯ್ಡಿನದಲ್ಲ, ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಕಳಿಸುವ ತಾಕೀತು. ಥೈರಾಕ್ಸಿನ್ ಸಾಲದಿದ್ದರೆ ಪಿಟ್ಯುಟರಿ 'ಇನ್ನೂ ಮಾಡು, ಇನ್ನೂ ಮಾಡು' ಎಂದು ಕೂಗುತ್ತದೆ, ಟಿ.ಎಸ್.ಎಚ್. ಏರುತ್ತದೆ. ಥೈರಾಕ್ಸಿನ್ ಹೆಚ್ಚಾದರೆ ಪಿಟ್ಯುಟರಿ ಬಾಯಿ ಮುಚ್ಚುತ್ತದೆ, ಟಿ.ಎಸ್.ಎಚ್. ಇಳಿಯುತ್ತದೆ. ಅಂಕಿ ಏರಿದರೆ ಹಾರ್ಮೋನು ಕಡಿಮೆ ಎಂಬ ಈ ತಲೆಕೆಳಗು ಲೆಕ್ಕವನ್ನು ಮಕ್ಕಳು ಅಜ್ಜಿಯರಿಗೆ ಒಂದು ಸಲ ಬಿಡಿಸಿ ಹೇಳಿ.

ಈ ಮಾತ್ರೆ ನಮ್ಮ ಕೈಗೆ ಸಿಕ್ಕಿದ ಕತೆಯೂ ಕೇಳುವಂಥದು. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಜಾರ್ಜ್ ಮರ್ರೆ ಎಂಬ ಎಳೆಯ ಡಾಕ್ಟರು, ಥೈರಾಯ್ಡ್ ಕೆಟ್ಟು ನರಳುತ್ತಿದ್ದ 46 ವರ್ಷದ ಒಬ್ಬ ಹೆಂಗಸಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ಸೂಜಿಯಲ್ಲಿ ಕೊಟ್ಟರು. ಆಕೆ ಗೆಲುವಾದರು. ಮುಂದೆ ಅದನ್ನೇ ಬಾಯಿಯ ಮೂಲಕ ತೆಗೆದುಕೊಳ್ಳುತ್ತಾ ಇನ್ನೂ 28 ವರ್ಷ ಬದುಕಿ, 74ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ವರ್ಷಕ್ಕೆ ಬೇಕಾದ ಕುರಿಗಳ ಸಂಖ್ಯೆ 870ಕ್ಕೂ ಹೆಚ್ಚು! ಆಮೇಲೆ 1914ರ ಡಿಸೆಂಬರ್ 25ರಂದು ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನ ವಿಜ್ಞಾನಿ ಥೈರಾಕ್ಸಿನ್ನನ್ನು ಶುದ್ಧ ಹರಳಾಗಿ ಬೇರ್ಪಡಿಸಿದರು. 1927ರಲ್ಲಿ ಬ್ರಿಟನ್ನಿನ ಚಾರ್ಲ್ಸ್ ಹ್ಯಾರಿಂಗ್ಟನ್ ಮತ್ತು ಜಾರ್ಜ್ ಬಾರ್ಜರ್ ಅದನ್ನು ಪ್ರಾಣಿಗಳ ಹಂಗಿಲ್ಲದೆ ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಇಂದು ಎಲ್ಟ್ರಾಕ್ಸಿನ್, ಥೈರೋನಾರ್ಮ್ ಎಂಬ ಹೆಸರಲ್ಲಿ ಔಷಧಿ ಅಂಗಡಿಯಲ್ಲಿ ಸಿಗುವುದು ಅದೇ. ಔಷಧಿಯ ಹೆಸರು ಲೀವೋಥೈರಾಕ್ಸಿನ್.

ಈಗ ಸೋರುವ ವಿಷಯಕ್ಕೆ ಬರುತ್ತೇನೆ. ನಾನು ಬಿ.ಕಾಂ. ಓದಿದವನು, ಡಾಕ್ಟರಲ್ಲ. ಹಾಗಾಗಿ ನನಗೆ ಗೊತ್ತಿರುವ ಭಾಷೆಯಲ್ಲಿ ಹೇಳುತ್ತೇನೆ. ನಮ್ಮ ಕಾಲದಲ್ಲಿ ಗಿರಾಕಿ ಕೌಂಟರಿಗೆ ಬಂದು ಬೇರೆ ಬ್ಯಾಂಕಿನ ಚೆಕ್ಕು ಕೊಟ್ಟರೆ ಅವರ ಖಾತೆಗೆ ಆ ಕ್ಷಣ ಹಣ ಸೇರುತ್ತಿರಲಿಲ್ಲ. ಚೆಕ್ಕು ಕ್ಲಿಯರಿಂಗಿಗೆ ಹೋಗಬೇಕು, ಅಲ್ಲಿ ಪಾಸಾಗಬೇಕು, ಆಮೇಲೆ ಜಮಾ. ಮಾತ್ರೆಯೂ ಹಾಗೇ. ಬಾಯಿಗೆ ಹಾಕಿಕೊಂಡದ್ದು ಚೆಕ್ಕು ಕೊಟ್ಟಂತೆ ಅಷ್ಟೇ. ಸಣ್ಣ ಕರುಳು ಅದನ್ನು ಹೀರಿ ರಕ್ತಕ್ಕೆ ಸೇರಿಸಿದಾಗಲೇ ಜಮಾ. ಬರಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿದರೆ ಈ ಔಷಧಿಯ 100ರಲ್ಲಿ 60ರಿಂದ 80 ಭಾಗ ರಕ್ತಕ್ಕೆ ಸೇರುತ್ತದೆ. ಹೊಟ್ಟೆಯಲ್ಲಿ ಬೇರೆ ಏನಾದರೂ ಇದ್ದರೆ ಅದಕ್ಕಿಂತ ಕಡಿಮೆ. ಅದಕ್ಕೇ ಡಾಕ್ಟರು 'ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಿ, ಅರ್ಧದಿಂದ ಒಂದು ಗಂಟೆ ಏನೂ ತಿನ್ನಬೇಡಿ' ಎನ್ನುವುದು. ಕಾಫಿಯೂ ತಿಂಡಿಯ ಲೆಕ್ಕಕ್ಕೇ ಸೇರುತ್ತದೆ. ಮಾತ್ರೆ ನುಂಗಿದ ಕೂಡಲೇ ಕಾಫಿ ಕುಡಿದರೆ ಹೀರುವುದು ಕಡಿಮೆಯಾಗುತ್ತದೆ. ನಮ್ಮ ಮೈಸೂರು ಸೀಮೆಯವರಿಗೆ ಆ ಒಂದು ಗಂಟೆ ಒಂದು ಯುಗ, ನನಗೂ ಗೊತ್ತು. ಆದರೂ ಕಾಯಬೇಕು.

ಇದಕ್ಕಿಂತ ದೊಡ್ಡ ಅಡ್ಡಿ ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶ. ಇವೆರಡೂ ಹೊಟ್ಟೆಯಲ್ಲಿ ಥೈರಾಕ್ಸಿನ್ನಿನ ಕೈ ಹಿಡಿದುಕೊಂಡು ಬಿಡುವುದೇ ಇಲ್ಲ. ಎರಡೂ ಅಂಟಿಕೊಂಡ ಮೇಲೆ ಕರುಳಿಗೆ ಅದನ್ನು ಹೀರಲು ಆಗುವುದಿಲ್ಲ. ಮಾತ್ರೆ ಬಂದ ದಾರಿ ಹಿಡಿದು ಹೊರಗೆ ಹೋಗುತ್ತದೆ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 14 ಮಂದಿ ರೋಗಿಗಳಿಗೆ 12 ವಾರ ಥೈರಾಯ್ಡ್ ಮಾತ್ರೆಯ ಜೊತೆಗೇ ಕಬ್ಬಿಣಾಂಶದ ಮಾತ್ರೆ ಕೊಟ್ಟು ನೋಡಿದರು. ಅವರ ಸರಾಸರಿ ಟಿ.ಎಸ್.ಎಚ್. 1.6ರಿಂದ 5.4ಕ್ಕೆ ಏರಿತು. 2000ನೇ ಇಸವಿಯಲ್ಲಿ ಪ್ರಕಟವಾದ ಇನ್ನೊಂದರಲ್ಲಿ 20 ಮಂದಿಗೆ 3 ತಿಂಗಳು ಕ್ಯಾಲ್ಸಿಯಂ ಕೊಟ್ಟಾಗಲೂ ಅಂಕಿ ಮೇಲೆ ಹೋಯಿತು. ಕ್ಯಾಲ್ಸಿಯಂ ನಿಲ್ಲಿಸಿದ ಮೇಲೆ ಮತ್ತೆ ಕೆಳಗೆ ಬಂತು. ಹಾಗಾಗಿ ಡಾಕ್ಟರುಗಳು ಹಾಕಿರುವ ನಿಯಮ ಒಂದೇ: ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಅಥವಾ ಕಬ್ಬಿಣಾಂಶದ ಮಾತ್ರೆಗೂ ನಡುವೆ 4 ಗಂಟೆ ಅಂತರವಿರಬೇಕು.

ತಾತಂದಿರು ಕೇಳಬಹುದು, 'ನಾನು ತೆಗೆದುಕೊಳ್ಳುವುದು ವಿಟಮಿನ್ ಮಾತ್ರೆ, ಅದರಲ್ಲಿ ಕಬ್ಬಿಣ ಎಲ್ಲಿಂದ ಬಂತು?' ಎಡವುವುದು ಇಲ್ಲೇ. ನಮ್ಮ ಮನೆಗಳಲ್ಲಿ ಶಕ್ತಿ ಮಾತ್ರೆ, ವಿಟಮಿನ್ ಮಾತ್ರೆ ಎಂದು ಕರೆಯುವ ಬಹಳಷ್ಟು ಮಾತ್ರೆಗಳಲ್ಲಿ ವಿಟಮಿನ್ನಿನ ಜೊತೆ ಖನಿಜಗಳೂ ಇರುತ್ತವೆ. ಪಟ್ಟಿಯ ಹಿಂಬದಿ ಇರುವೆ ಸಾಲಿನಂಥ ಅಕ್ಷರದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್, ಫೆರಸ್ ಫ್ಯೂಮರೇಟ್, ಫೆರಸ್ ಸಲ್ಫೇಟ್, ಮೆಗ್ನೀಸಿಯಂ, ಜಿಂಕ್ ಎಂದು ಬರೆದಿರುತ್ತದೆ. 'ಮಲ್ಟಿವಿಟಮಿನ್ ಮಲ್ಟಿಮಿನರಲ್' ಎಂದಿದ್ದರೆ ಖನಿಜ ಇದೆ ಎಂದೇ ಅರ್ಥ. ಮೂಳೆಗೆಂದು ಕೊಡುವ 'ವಿಟಮಿನ್ ಡಿ' ಮಾತ್ರೆಗಳಲ್ಲಿ ಎಷ್ಟೋ ನಿಜವಾಗಿ ಕ್ಯಾಲ್ಸಿಯಂ ಮಾತ್ರೆಗಳೇ, ಜೊತೆಗೆ ಚೂರು ವಿಟಮಿನ್ ಡಿ ಇರುತ್ತದೆ.

ಬರೀ ವಿಟಮಿನ್ ಇರುವ ಮಾತ್ರೆಯ ಲೆಕ್ಕ ಬೇರೆ. ಬಿ-12, ಖನಿಜವಿಲ್ಲದ ಬಿ-ಕಾಂಪ್ಲೆಕ್ಸ್, ಬರೀ ವಿಟಮಿನ್ ಡಿ, ಇವು ಕ್ಯಾಲ್ಸಿಯಂ ಹಾಗೆ ಥೈರಾಕ್ಸಿನ್ನಿಗೆ ಅಂಟಿಕೊಳ್ಳುವುದಿಲ್ಲ. ತಿಂಡಿಯಾದ ಮೇಲೆ ತೆಗೆದುಕೊಂಡರೆ ಗೊಂದಲವೇ ಇರದು. ಡಾಕ್ಟರು ವಾರಕ್ಕೊಂದು ಎಂದು ಕೊಡುವ 60,000 ಯೂನಿಟ್ಟಿನ ವಿಟಮಿನ್ ಡಿ ಗೊತ್ತಲ್ಲ, ಅದನ್ನು ಕೆಲವರು ಹಾಲಿನಲ್ಲಿ ಬೆರೆಸಿ ಕುಡಿಯುತ್ತಾರೆ. ಅಲ್ಲಿ ಅಡ್ಡಿಯಾಗುವುದು ಹಾಲಿನ ಕ್ಯಾಲ್ಸಿಯಂ, ಆದ್ದರಿಂದ ಥೈರಾಯ್ಡ್ ಮಾತ್ರೆಯ ಹೊತ್ತಿನಲ್ಲಿ ಹಾಲು ಬೇಡ. ಇನ್ನೊಂದು ಮಾತು: ವಾರಕ್ಕೊಂದನ್ನು ದಿನಕ್ಕೊಂದು ಮಾಡಿಕೊಳ್ಳಬೇಡಿ, ಹೇಳಿದಷ್ಟು ವಾರ ಮುಗಿದ ಮೇಲೂ ಮುಂದುವರಿಸಬೇಡಿ. ಹೆಚ್ಚಾದ ವಿಟಮಿನ್ ಡಿ ಮೈಯಲ್ಲಿ ಕೂಡಿಕೊಂಡು ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ, ಮೂತ್ರಪಿಂಡಕ್ಕೆ ತೊಂದರೆ ಮಾಡುತ್ತದೆ.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ನಮ್ಮ ಮನೆಯವರು ಹದಿನೈದು ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಒಂದು ದಿನ ತಪ್ಪಿಸಿದವರಲ್ಲ. ಎರಡು ವರ್ಷದ ಹಿಂದೆ ಅವರಿಗೆ ಇದ್ದಕ್ಕಿದ್ದಂತೆ ಆಯಾಸ ಶುರುವಾಯಿತು. ಬೇಸಿಗೆಯಲ್ಲೂ ಶಾಲು ಹೊದ್ದು ಕೂರುವರು. ಮೊಮ್ಮಗಳ ಜೊತೆ ಸಂಜೆ ಪಾರ್ಕಿಗೆ ಹೋಗುವುದನ್ನೂ ಬಿಟ್ಟರು. ರಕ್ತ ಪರೀಕ್ಷೆ ಮಾಡಿಸಿದರೆ ಯಾವಾಗಲೂ 3ರ ಆಸುಪಾಸಿನಲ್ಲಿರುತ್ತಿದ್ದ ಟಿ.ಎಸ್.ಎಚ್. 9 ದಾಟಿತ್ತು. ಡಾಕ್ಟರು ಚೀಟಿ ಬರೆಯಲು ಪೆನ್ನು ತೆಗೆದವರು ಕೈ ನಿಲ್ಲಿಸಿ ಕೇಳಿದರು: "ಅಮ್ಮಾ, ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?"

"ಬೇರೆ ಔಷಧಿ ಏನೂ ಇಲ್ಲ ಡಾಕ್ಟ್ರೇ. ವಿಟಮಿನ್ ಮಾತ್ರೆ ಒಂದು, ಅಷ್ಟೆ."

ಜೊತೆಗೆ ಬಂದಿದ್ದ ಏಳನೇ ಕ್ಲಾಸಿನ ಮೊಮ್ಮಗಳು ಸುಮ್ಮನಿರಲಿಲ್ಲ. "ಅಜ್ಜಿ, ಅದು ವಿಟಮಿನ್ ಅಲ್ಲ. ಡಬ್ಬಿ ಮೇಲೆ ಕ್ಯಾಲ್ಸಿಯಂ ಅಂತ ಇದೆ. ಬೆಳಗ್ಗೆ ಎರಡನ್ನೂ ಒಂದೇ ಲೋಟ ನೀರಲ್ಲಿ ನುಂಗ್ತೀಯಲ್ಲ!"

ಮಂಡಿನೋವಿಗೆ ತೋರಿಸಿದಾಗ ಆರು ತಿಂಗಳ ಹಿಂದೆ ಬೇರೊಬ್ಬ ಡಾಕ್ಟರು ಬರೆದುಕೊಟ್ಟ ಮಾತ್ರೆ ಅದು. 'ದಿನಕ್ಕೊಂದು' ಎಂದು ಚೀಟಿಯಲ್ಲಿತ್ತು, ಯಾವ ಹೊತ್ತಿಗೆ ಎಂದು ಇರಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಿಸಲಿಲ್ಲ. ಕ್ಯಾಲ್ಸಿಯಂ ಅನ್ನು ಮಧ್ಯಾಹ್ನದ ಊಟದ ಜೊತೆಗೆ ಸರಿಸಿದರು, ಎಂಟು ವಾರ ಬಿಟ್ಟು ಬನ್ನಿ ಎಂದರು. ಎಂಟು ವಾರದ ಮೇಲೆ ಅಂಕಿ 3ರ ಹತ್ತಿರ ಬಂದಿತ್ತು. ಹೊಸ ಔಷಧಿ ಒಂದೂ ಬೇಕಾಗಲಿಲ್ಲ, ಗಡಿಯಾರ ಒಂದೇ ಸಾಕಾಯಿತು.

ಆ ದಿನದಿಂದ ನನಗೆ ಒಂದು ವಿಷಯ ಮನದಟ್ಟಾಯಿತು. ವಿಟಮಿನ್ ಮಾತ್ರೆಯನ್ನು ನಾವು ಯಾರೂ ಔಷಧಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಡಾಕ್ಟರು ಕೇಳಿದಾಗ ಹೇಳುವುದೂ ಇಲ್ಲ. ಖಾತೆಯಲ್ಲಿ ಬರೆಯದೆ ಬಿಟ್ಟ ಒಂದು ಖರ್ಚಿನಿಂದ ಇಡೀ ದಿನದ ಲೆಕ್ಕ ತಾಳೆಯಾಗದೆ ರಾತ್ರಿ ಎಂಟರವರೆಗೆ ಕೂತ ದಿನಗಳು ಬ್ಯಾಂಕಿನಲ್ಲಿ ಎಷ್ಟಿದ್ದವೋ. ಮೈಯ ಲೆಕ್ಕವೂ ಹಾಗೆಯೇ.

ಹಾಗಾದರೆ ದಿನವನ್ನು ಹೊಂದಿಸುವುದು ಹೇಗೆ? ನಮ್ಮ ಮನೆಯ ಗೋಡೆಗೆ ಅಂಟಿಸಿರುವ ಪಟ್ಟಿ ಹೀಗಿದೆ. ಬೆಳಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ, ಒಂದು ಲೋಟ ನೀರು. 7ಕ್ಕೆ ಕಾಫಿ. 8ಕ್ಕೆ ತಿಂಡಿ, ಬಿ-12 ಇದ್ದರೆ ಆಮೇಲೆ. ಮಧ್ಯಾಹ್ನ 1ಕ್ಕೆ ಊಟದ ಜೊತೆ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಕಾರ್ಬೊನೇಟ್ ಊಟದ ಜೊತೆಗಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಕಬ್ಬಿಣಾಂಶವೂ ಬೇಕಿರುವವರು ಅದನ್ನು ಕ್ಯಾಲ್ಸಿಯಂ ಜೊತೆ ಹಾಕಿಕೊಳ್ಳಬಾರದು. ಅವೆರಡಕ್ಕೂ ಪರಸ್ಪರ ಆಗಿಬರುವುದಿಲ್ಲ, ನಡುವೆ ಕನಿಷ್ಠ 2 ಗಂಟೆ ಬೇಕು. ಕಾಫಿ, ಟೀ ಕೂಡ ಕಬ್ಬಿಣಾಂಶ ಹೀರುವುದನ್ನು ತಡೆಯುತ್ತವೆ. ರಾಗಿಯ ಬಗ್ಗೆಯೂ ಕೇಳುತ್ತಾರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅದು ನಮಗೆ ಬೇಕಾದ ಆಹಾರವೇ, ಮುದ್ದೆ ಬಿಡಬೇಕಾಗಿಲ್ಲ. ಆದರೆ ಮಾತ್ರೆಯನ್ನು ರಾಗಿ ಗಂಜಿಯಲ್ಲೋ ಹಾಲಿನಲ್ಲೋ ನುಂಗಬೇಡಿ, ನೀರಿನಲ್ಲೇ ನುಂಗಿ.

ಬೆಳಗ್ಗೆ ಹೊಂದುವುದೇ ಇಲ್ಲ ಎನ್ನುವವರಿಗೆ ಇನ್ನೊಂದು ದಾರಿ ಇದೆ. ರಾತ್ರಿ ಊಟವಾಗಿ 3 ಗಂಟೆ ಕಳೆದ ಮೇಲೆ, ಮಲಗುವಾಗ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳಬಹುದು. ಆಗ ಕ್ಯಾಲ್ಸಿಯಂ, ಕಬ್ಬಿಣಾಂಶ ರಾತ್ರಿ ಊಟಕ್ಕೆ ಬರಬಾರದು, ಹಗಲಿಗೇ ಮುಗಿಯಬೇಕು. ಯಾವುದನ್ನು ಆರಿಸಿಕೊಂಡರೂ ಡಾಕ್ಟರಿಗೆ ಹೇಳಿ ಆರಿಸಿ, ಆಮೇಲೆ ದಿನವೂ ಅದೇ ಹೊತ್ತಿಗೆ ನಿಲ್ಲಿ. ಗ್ಯಾಸಿಗೆಂದು ಕುಡಿಯುವ ಬಿಳಿ ಔಷಧಿ, ಅಗಿಯುವ ಆಂಟಾಸಿಡ್ ಮಾತ್ರೆ ಇವುಗಳಿಗೂ ಅದೇ 4 ಗಂಟೆಯ ನಿಯಮ. ಬರಿಹೊಟ್ಟೆಯ ಗ್ಯಾಸ್ ಮಾತ್ರೆ ದಿನಾ ತೆಗೆದುಕೊಳ್ಳುವವರು ಅದನ್ನೂ ಥೈರಾಯ್ಡ್ ಡಾಕ್ಟರಿಗೆ ತಿಳಿಸಿ.

ಇನ್ನು ಬಯೋಟಿನ್. ಕೂದಲು ಉದುರುವುದಕ್ಕೆ, ಉಗುರಿಗೆ ಎಂದು ಮಾರುವ ಮಾತ್ರೆಗಳಲ್ಲಿ ಇದಿರುತ್ತದೆ. ಇದು ಬಿ ವಿಟಮಿನ್ನಿನ ಗುಂಪಿಗೆ ಸೇರಿದ್ದು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ. ಕೂದಲಿನ ಮಾತ್ರೆಗಳಲ್ಲಿ ಕೆಲವದರಲ್ಲಿ 10 ಮಿಲಿಗ್ರಾಂ ಇರುತ್ತದೆ, ಅಂದರೆ 10,000 ಮೈಕ್ರೋಗ್ರಾಂ. ಮಕ್ಕಳೇ, ಭಾಗಿಸಿ ನೋಡಿ: 333 ದಿನದ ಪಾಲು ಒಂದೇ ಮಾತ್ರೆಯಲ್ಲಿ! ಬಯೋಟಿನ್ ಥೈರಾಯ್ಡ್ ಮಾತ್ರೆಯನ್ನು ತಡೆಯುವುದಿಲ್ಲ. ಅದು ಮೋಸ ಮಾಡುವುದು ರಕ್ತ ಪರೀಕ್ಷೆಯನ್ನು. ಹಲವು ಲ್ಯಾಬುಗಳ ಪರೀಕ್ಷೆಯಲ್ಲಿ ಬಯೋಟಿನ್ನನ್ನೇ ಗೋಂದಿನಂತೆ ಬಳಸುತ್ತಾರೆ. ರಕ್ತದಲ್ಲಿ ಆಗಲೇ ಬಯೋಟಿನ್ ತುಂಬಿದ್ದರೆ ಅಂಟಬೇಕಾದ್ದು ಅಂಟುವುದಿಲ್ಲ. ಟಿ.ಎಸ್.ಎಚ್. ಇರುವುದಕ್ಕಿಂತ ಕಡಿಮೆಯಾಗಿಯೂ ಥೈರಾಕ್ಸಿನ್ ಇರುವುದಕ್ಕಿಂತ ಹೆಚ್ಚಾಗಿಯೂ ತೋರಬಹುದು. ಅದನ್ನು ನಂಬಿ ಮಾತ್ರೆ ಕಡಿಮೆ ಮಾಡಿದರೆ ಗತಿ? ಅಮೆರಿಕದ ಔಷಧಿ ಇಲಾಖೆ 2017ರಲ್ಲೇ ಈ ಬಗ್ಗೆ ಎಚ್ಚರಿಸಿತು. ಪರೀಕ್ಷೆಗೆ ಕನಿಷ್ಠ 2 ದಿನ ಮೊದಲೇ ಬಯೋಟಿನ್ ನಿಲ್ಲಿಸಬೇಕು. ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಳ್ಳುವವರು ಇನ್ನೂ ಎಷ್ಟು ದಿನ ಎಂದು ಡಾಕ್ಟರನ್ನು ಕೇಳಬೇಕು. ರಕ್ತ ತೆಗೆಯುವವರಿಗೂ ಒಂದು ಮಾತು ಹೇಳಿ. ಅಂದಿನ ಥೈರಾಯ್ಡ್ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಬೇಕೇ, ಮೊದಲೇ ನುಂಗಬೇಕೇ ಎಂಬುದನ್ನೂ ಕೇಳಿಕೊಳ್ಳಿ, ಪ್ರತಿಸಲವೂ ಹಾಗೆಯೇ ಮಾಡಿ.

'ಥೈರಾಯ್ಡಿಗೆ ಅಯೋಡಿನ್ ಬೇಕು ಅಂದಿರಲ್ಲ, ಹಾಗಾದರೆ ಅಯೋಡಿನ್ ಮಾತ್ರೆ, ಸಮುದ್ರಪಾಚಿಯ ಮಾತ್ರೆ ತೆಗೆದುಕೊಂಡರೆ?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮ ದೇಶದಲ್ಲಿ ಅಯೋಡಿನ್ ಕೊರತೆಯಿಂದ ಗಳಗಂಡ ಬರುತ್ತಿದ್ದ ಕಾಲವೊಂದಿತ್ತು. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಗಾರರು ಉಪ್ಪಿಗೆ ಅಯೋಡಿನ್ ಸೇರಿಸಿ ಕೊಡುವ ಅಧ್ಯಯನ ಶುರು ಮಾಡಿದರು. ಗಳಗಂಡ ಕಡಿಮೆಯಾಯಿತು. 1962ರಲ್ಲಿ ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಬಂತು. ಇಂದು ಅಡುಗೆಮನೆಯ ಉಪ್ಪಿನಲ್ಲೇ ಅಯೋಡಿನ್ ಇದೆ. ಹಾಗಾಗಿ ಬಹಳ ಜನರಿಗೆ ಥೈರಾಯ್ಡ್ ಕೆಡುವುದು ಅಯೋಡಿನ್ ಇಲ್ಲದೆ ಅಲ್ಲ, ಮೈಯ ರಕ್ಷಣಾಪಡೆಯೇ ತಪ್ಪು ತಿಳಿದು ಗ್ರಂಥಿಯ ಮೇಲೆ ಬೀಳುವುದರಿಂದ. ಅಂಥವರು ಮೇಲಿಂದ ಹೆಚ್ಚು ಅಯೋಡಿನ್ ನುಂಗಿದರೆ ಗ್ರಂಥಿ ಇನ್ನೂ ಕೆಡಬಹುದು. ಡಾಕ್ಟರು ಹೇಳದೆ ಆ ಮಾತ್ರೆ ಮುಟ್ಟಬೇಡಿ.

ಮನೆಯಲ್ಲಿ ಗರ್ಭಿಣಿ ಮಗಳೋ ಸೊಸೆಯೋ ಇದ್ದರೆ ಈ ಅಂಕಣವನ್ನು ಅವರ ಕೈಗೂ ಕೊಡಿ. ಬಸಿರಿನಲ್ಲಿ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಆರೋಗ್ಯ ಕೇಂದ್ರದಲ್ಲೇ ಕೊಡುತ್ತಾರೆ. ಎರಡೂ ಬೇಕಾದವೇ, ಬಿಡುವಂತಿಲ್ಲ. ಥೈರಾಯ್ಡ್ ಮಾತ್ರೆಯೂ ಇದ್ದರೆ ಮೂರಕ್ಕೂ ಮೂರು ಹೊತ್ತು ಬೇಕು. ಹೊಟ್ಟೆಯಲ್ಲಿರುವ ಕೂಸಿಗೆ ಮೊದಲ ತಿಂಗಳುಗಳಲ್ಲಿ ತನ್ನದೇ ಥೈರಾಯ್ಡ್ ಕೆಲಸಕ್ಕೆ ಬಂದಿರುವುದಿಲ್ಲ. ಅದರ ಮಿದುಳು ಬೆಳೆಯುವುದು ತಾಯಿಯ ಥೈರಾಕ್ಸಿನ್ನಿನಿಂದ. ಇಲ್ಲಿ ಸೋರಿಕೆ ಆಗುವುದು ಎರಡು ಜೀವದ ಖಾತೆಯಿಂದ. ಶಾಲೆಯಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಪಡೆಯುವ ಮಕ್ಕಳಲ್ಲಿ ಯಾರಾದರೂ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿದ್ದರೆ ನಿಮ್ಮ ಟೀಚರಿಗೆ ಹೇಳಿ. ಮಧ್ಯಾಹ್ನದ ಊಟವಾದ ಮೇಲೆ ನುಂಗಿದರೆ ಬೆಳಗಿನ ಮಾತ್ರೆಯಿಂದ 4 ಗಂಟೆ ತಾನಾಗಿಯೇ ಕಳೆದಿರುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಇದನ್ನು ಓದಿ ನಾಳೆ ಬೆಳಗ್ಗೆಯಿಂದಲೇ ಹೊತ್ತು ಬದಲಿಸಿ ಸುಮ್ಮನಾಗಬೇಡಿ. ಯಾಕೆಂದರೆ ಲೆಕ್ಕ ಆ ಕಡೆಗೂ ತಪ್ಪಬಹುದು. ನನ್ನ ಜೊತೆ ಕೆಲಸ ಮಾಡಿದವರೊಬ್ಬರು ಹಲವು ವರ್ಷ ಥೈರಾಯ್ಡ್ ಮತ್ತು ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೇ ನುಂಗುತ್ತಿದ್ದರು. ಟಿ.ಎಸ್.ಎಚ್. ಏರಿದಾಗಲೆಲ್ಲ ಪ್ರಮಾಣ ಹೆಚ್ಚುತ್ತಾ 75ರಿಂದ 125 ಮೈಕ್ರೋಗ್ರಾಂಗೆ ಬಂದಿತ್ತು. ಅಷ್ಟರಲ್ಲಿ ಯಾರೋ ಹೇಳಿದರೆಂದು ಕ್ಯಾಲ್ಸಿಯಂ ಅನ್ನು ರಾತ್ರಿಗೆ ಹಾಕಿಕೊಂಡರು, ಡಾಕ್ಟರಿಗೆ ತಿಳಿಸಲಿಲ್ಲ. ಅಲ್ಲಿಯವರೆಗೆ ಅರ್ಧಂಬರ್ಧ ಜಮಾ ಆಗುತ್ತಿದ್ದ 125 ಈಗ ಪೂರ್ತಿ ಜಮಾ ಆಗತೊಡಗಿತು. ಒಂದೂವರೆ ತಿಂಗಳಲ್ಲಿ ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು. ಆಸ್ಪತ್ರೆಗೆ ಹೋದಾಗ ಪ್ರಮಾಣ ಇಳಿಸಿದರು, ಸರಿಹೋದರು. ವಯಸ್ಸಾದವರಲ್ಲಿ ಹೆಚ್ಚಾದ ಥೈರಾಕ್ಸಿನ್ ಹೃದಯದ ಬಡಿತದ ತಾಳ ತಪ್ಪಿಸುತ್ತದೆ, ಮೂಳೆ ಸವೆಸುತ್ತದೆ. ಹಾಗಾಗಿ ಹೊತ್ತು ಬದಲಿಸಿದರೂ, ಹೊಸ ವಿಟಮಿನ್ ಮಾತ್ರೆ ಶುರು ಮಾಡಿದರೂ, ಇದ್ದದ್ದನ್ನು ನಿಲ್ಲಿಸಿದರೂ ಡಾಕ್ಟರಿಗೆ ಹೇಳಿ. ಆರರಿಂದ ಎಂಟು ವಾರಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಅಷ್ಟು ವಾರ ಯಾಕೆ? ಥೈರಾಕ್ಸಿನ್ ಮೈಯಲ್ಲಿ ನಿಧಾನವಾಗಿ ಖರ್ಚಾಗುವ ಸರಕು. ರಕ್ತದಲ್ಲಿರುವುದರಲ್ಲಿ ಅರ್ಧ ಖಾಲಿಯಾಗಲು ಸುಮಾರು ಒಂದು ವಾರ ಬೇಕು. ಹೊಸ ಲೆಕ್ಕ ಒಂದು ಹದಕ್ಕೆ ಬಂದು ನಿಲ್ಲುವ ತನಕ ಕಾಯಬೇಕು.

ಮಕ್ಕಳಿಗೆ ಈ ವಾರದ ಕೆಲಸ. ಅಜ್ಜ ಅಥವಾ ಅಜ್ಜಿ ತಮ್ಮ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಇಟ್ಟುಕೊಂಡು ಕೂರಲಿ. ಆಯುರ್ವೇದದ ಲೇಹ್ಯ, ಟಾನಿಕ್, ಶಕ್ತಿ ಪುಡಿ, ಗ್ಯಾಸ್ ಮಾತ್ರೆ ಏನನ್ನೂ ಬಿಡುವಂತಿಲ್ಲ. ಅವರು ಕೈಯಲ್ಲಿ ಹಿಡಿದು ತೋರಿಸಲಿ, ನೀವು ಸಣ್ಣ ಅಕ್ಷರ ಓದಿ ಒಂದು ಹಾಳೆಯಲ್ಲಿ ಬರೆಯಿರಿ. ನಾಲ್ಕು ಕಲಮು ಸಾಕು: ಹೆಸರು, ಒಳಗೇನಿದೆ, ಎಷ್ಟು ಗಂಟೆಗೆ, ಯಾವ ಡಾಕ್ಟರು ಬರೆದದ್ದು. ಕ್ಯಾಲ್ಸಿಯಂ, ಕಬ್ಬಿಣಾಂಶ, ಬಯೋಟಿನ್ ಕಂಡಲ್ಲಿ ಕೆಂಪು ಗೆರೆ ಎಳೆಯಿರಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆ ಅಜ್ಜಿಯ ಚೀಲದಲ್ಲಿರಲಿ. ಒಂದು ಷರತ್ತು: ಮಾತ್ರೆ ತೆಗೆದುಕೊಡುವುದು, ಎಣಿಸಿಡುವುದು ನಿಮ್ಮ ಕೆಲಸವಲ್ಲ. ಕಬ್ಬಿಣಾಂಶದ ಬಣ್ಣಬಣ್ಣದ ಮಾತ್ರೆ ಪೆಪ್ಪರಮೆಂಟಿನಂತೆ ಕಾಣುತ್ತದೆ, ಪುಟ್ಟ ಮಕ್ಕಳು ಹೆಚ್ಚು ನುಂಗಿದರೆ ಪ್ರಾಣಕ್ಕೇ ಅಪಾಯ. ಡಬ್ಬಿಗಳು ತಮ್ಮ ತಂಗಿಯರ ಕೈಗೆ ಸಿಗದ ಎತ್ತರದಲ್ಲಿರಲಿ. ಹಿರಿಯರೇ, ಥೈರಾಯ್ಡ್ ಮಾತ್ರೆಯನ್ನು ಬಚ್ಚಲುಮನೆಯಲ್ಲಿ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ತೇವ, ಬಿಸಿ, ಬೆಳಕು ಮೂರೂ ಅದಕ್ಕೆ ಆಗದು.

ಮುಂದಿನ ವಾರದ ಲೆಕ್ಕ ಇಗೋ. ಒಬ್ಬ ಅಜ್ಜಿ 6 ಗಂಟೆಗೆ ಥೈರಾಯ್ಡ್ ಮಾತ್ರೆ ನುಂಗುತ್ತಾರೆ. 7ಕ್ಕೂ ಸಂಜೆ 4ಕ್ಕೂ ಕಾಫಿ ಬೇಕೇ ಬೇಕು. ತಿಂಡಿ ಎಂಟೂವರೆಗೆ, ಊಟ ಮಧ್ಯಾಹ್ನ ಒಂದೂವರೆಗೆ, ರಾತ್ರಿ ಊಟ ಎಂಟೂವರೆಗೆ, ಮಲಗುವುದು 10ಕ್ಕೆ. ದಿನಕ್ಕೊಂದು ಕ್ಯಾಲ್ಸಿಯಂ, ಅದು ತಿಂಡಿ ಅಥವಾ ಊಟದ ಜೊತೆಗೇ ಆಗಬೇಕು. ದಿನಕ್ಕೊಂದು ಕಬ್ಬಿಣಾಂಶ, ಅದಕ್ಕೂ ಕಾಫಿಗೂ ನಡುವೆ 1 ಗಂಟೆ, ಕ್ಯಾಲ್ಸಿಯಂಗೂ ಅದಕ್ಕೂ ನಡುವೆ 2 ಗಂಟೆ ಇರಬೇಕು. ಎರಡೂ ಥೈರಾಯ್ಡ್ ಮಾತ್ರೆಯಿಂದ 4 ಗಂಟೆ ದೂರ. ಕ್ಯಾಲ್ಸಿಯಂ ಯಾವ ಹೊತ್ತಿಗೆ ಬರಬಹುದು? ಆಗ ಕಬ್ಬಿಣಾಂಶಕ್ಕೆ ಉಳಿಯುವ ಹೊತ್ತು ಯಾವುದು? ಉತ್ತರ ಒಂದಕ್ಕಿಂತ ಹೆಚ್ಚಿದೆ. ಎಲ್ಲವನ್ನೂ ಹುಡುಕಿ, ಅಜ್ಜಿಯ ಹತ್ತಿರ ತಾಳೆ ನೋಡಿಸಿ, ಅಂಚೆಗೆ ಹಾಕಿ.